ಮಿತಿಗೆ ತಾಗಿ ನಿಂತ ಸಿಗ್ನಲ್: ಕಂಟ್ರೋಲ್ ಲೂಪ್‌ಗಳಲ್ಲಿ ಸ್ಯಾಚುರೇಶನ್ ಪತ್ತೆ ಹಚ್ಚುವುದು ಹೇಗೆ?

‘ಲೂಪ್ ಸರಿಯಾಗಿ ಹಿಡಿಯುತ್ತಿಲ್ಲ, ಸ್ವಲ್ಪ ಟ್ಯೂನ್ ಮಾಡಿಕೊಡಿ.’ ಸಕ್ಕರೆ, ಸಿಮೆಂಟ್, ಉಕ್ಕು, ಔಷಧ ಯಾವ ಕಾರ್ಖಾನೆಯೇ ಆಗಲಿ, ಇನ್‌ಸ್ಟ್ರುಮೆಂಟೇಶನ್ ವಿಭಾಗದವರಿಗೆ ಈ ಮಾತು ಹೊಸದಲ್ಲ. ನೀವು ಹೋಗಿ ಗೇನ್ ಇಳಿಸುತ್ತೀರಿ, ಇಂಟಿಗ್ರಲ್ ಟೈಮ್ ಏರಿಸುತ್ತೀರಿ. ಎರಡು ದಿನ ತೆಪ್ಪಗಿದ್ದ ಲೂಪ್ ಮೂರನೆಯ ದಿನ ಮತ್ತೆ ಹಳೆಯ ಚಾಳಿಗೆ ಮರಳುತ್ತದೆ. ಇಂಥ ಕಡೆ ಬಹಳ ಸಲ ಟ್ಯೂನಿಂಗ್‌ನ ತಪ್ಪೇ ಇರುವುದಿಲ್ಲ. ವಾಲ್ವ್ ಆಗಲೇ ಪೂರ್ತಿ ತೆರೆದುಕೊಂಡಿರುತ್ತದೆ, ಅಥವಾ ಟ್ರಾನ್ಸ್‌ಮಿಟರ್ ತನ್ನ ಅಳತೆಯ ತುದಿ ಮುಟ್ಟಿರುತ್ತದೆ. ಸಿಗ್ನಲ್ ಮಿತಿಗೆ ತಾಗಿ ನಿಂತ ಮೇಲೆ ಕಂಟ್ರೋಲರ್ ಎಷ್ಟೇ ಲೆಕ್ಕ ಹಾಕಿದರೂ ಪ್ಲಾಂಟ್‌ಗೆ ಅದು ತಲುಪುವುದಿಲ್ಲ.

ಒಂದು ಪ್ಲಾಂಟ್‌ನಲ್ಲಿ ನೂರಾರು ಲೂಪ್‌ಗಳಿರುತ್ತವೆ. ಪ್ರತಿಯೊಂದರ ಟ್ರೆಂಡ್ ತೆರೆದು ನೋಡಲು ಯಾರಿಗೂ ಬಿಡುವಿಲ್ಲ. ಆ ಕೆಲಸವನ್ನು ಸಾಫ್ಟ್‌ವೇರ್‌ಗೆ ಹೇಗೆ ಒಪ್ಪಿಸಬೇಕು, ಅದು ಕೊಟ್ಟ ಪಟ್ಟಿಯನ್ನು ಹೇಗೆ ಓದಬೇಕು, ಎಲ್ಲಿ ಅದನ್ನು ನಂಬಬಾರದು ಎಂಬುದನ್ನು ಈ ಲೇಖನ ಹಂತಹಂತವಾಗಿ ಹೇಳುತ್ತದೆ.

ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೆ?

ಪಿಐಡಿ ಟ್ಯೂನಿಂಗ್‌ಗೆ ಜೀಗ್ಲರ್ ಮತ್ತು ನಿಕಲ್ಸ್ ಸೂತ್ರ ಕೊಟ್ಟದ್ದು 1942ರಲ್ಲಿ. ಲೂಪ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ದಿನನಿತ್ಯದ ಡೇಟಾದಿಂದಲೇ ಅಳೆಯುವ ದಾರಿಯನ್ನು ಕೆನಡಾದ ಟಿ. ಜೆ. ಹ್ಯಾರಿಸ್ ತೋರಿಸಿದ್ದು 1989ರಲ್ಲಿ. ಇಂದಿನ ಲೂಪ್ ಮಾನಿಟರಿಂಗ್ ಸಾಫ್ಟ್‌ವೇರ್‌ಗಳಲ್ಲಿ ಬಹುಪಾಲು ಆ ದಾರಿಯಲ್ಲೇ ಬೆಳೆದವು. ಹನಿವೆಲ್ ಕಂಪನಿಯ ಡೆಸ್‌ಬರೋ ಮತ್ತು ಮಿಲ್ಲರ್ ಸುಮಾರು 26,000 ಪಿಐಡಿ ಲೂಪ್‌ಗಳನ್ನು ಪರಿಶೀಲಿಸಿದಾಗ ಶೇ 36ರಷ್ಟು ಲೂಪ್‌ಗಳು ಓಪನ್ ಲೂಪ್ ಸ್ಥಿತಿಯಲ್ಲಿದ್ದವು, ಅಂದರೆ ಕಂಟ್ರೋಲ್ ಮಾಡುತ್ತಲೇ ಇರಲಿಲ್ಲ. ಮ್ಯಾನುಯಲ್‌ನಲ್ಲಿ ಬಿಟ್ಟ ಲೂಪ್ ಕಂಟ್ರೋಲ್ ಮಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಔಟ್‌ಪುಟ್ ಮಿತಿಗೆ ತಾಗಿದ ಲೂಪ್ ಕೂಡ ಕಂಟ್ರೋಲ್ ಮಾಡುತ್ತಿರುವುದಿಲ್ಲ. ಆದರೆ ಸ್ಕ್ರೀನ್ ಮೇಲೆ ‘ಆಟೋ’ ಎಂದೇ ತೋರಿಸುತ್ತಿರುತ್ತದೆ. ಅಪಾಯ ಇರುವುದು ಇಲ್ಲೇ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಬಿಪಿ ಕಂಪನಿಯ ರಿಫೈನರಿ ಸ್ಫೋಟಗೊಂಡು 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. 170 ಅಡಿ ಎತ್ತರದ ಟವರ್‌ನ ತಳದ ಕೆಲವೇ ಅಡಿಗಳನ್ನು ಅಳೆಯುವ ಲೆವೆಲ್ ಟ್ರಾನ್ಸ್‌ಮಿಟರ್ ಅಲ್ಲಿತ್ತು. ದ್ರವ ಅದರ ವ್ಯಾಪ್ತಿ ದಾಟಿ ಮೇಲೇರುತ್ತಲೇ ಹೋಯಿತು. ಸ್ಫೋಟಕ್ಕೆ ಸ್ವಲ್ಪ ಮುಂಚೆ ಟವರ್‌ನಲ್ಲಿ ಸುಮಾರು 158 ಅಡಿ ದ್ರವ ತುಂಬಿತ್ತು. ಟ್ರಾನ್ಸ್‌ಮಿಟರ್ ತೋರಿಸುತ್ತಿದ್ದದ್ದು ಶೇ 78, ಅದೂ ನಿಧಾನವಾಗಿ ಇಳಿಯುತ್ತಾ. ಅದು ಡಿಸ್‌ಪ್ಲೇಸರ್ ಮಾದರಿಯ ಟ್ರಾನ್ಸ್‌ಮಿಟರ್; ಪೂರ್ತಿ ಮುಳುಗಿದ ಡಿಸ್‌ಪ್ಲೇಸರ್‌ಗೆ ಎತ್ತರ ತಿಳಿಯುವುದಿಲ್ಲ. ದ್ರವ ಬಿಸಿಯಾಗಿ ಸಾಂದ್ರತೆ ಇಳಿದಂತೆ ರೀಡಿಂಗ್ ಕೂಡ ಇಳಿಯಿತು. ಮಿತಿ ಮೀರಿದ ಸಿಗ್ನಲ್ ಯಾವಾಗಲೂ ಶೇ 100ರಲ್ಲಿ ಅಲುಗಾಡದೆ ನಿಂತಿರುತ್ತದೆ ಎಂದುಕೊಳ್ಳಬಾರದು ಎಂಬುದಕ್ಕೆ ಇದಕ್ಕಿಂತ ಕಠೋರ ಪಾಠ ಬೇಕಿಲ್ಲ.

ಅದೇ ವರ್ಷ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಇಂಧನ ಡಿಪೋದಲ್ಲಿ ಆದದ್ದು ಇದರ ಇನ್ನೊಂದು ಮುಖ. ಪೆಟ್ರೋಲ್ ತುಂಬುತ್ತಿದ್ದ ಟ್ಯಾಂಕಿನ ಗೇಜ್ ಬೆಳಗಿನ ಜಾವ 3 ಗಂಟೆ ಸುಮಾರಿಗೆ ಒಂದೇ ಅಂಕಿಯಲ್ಲಿ ಸಿಕ್ಕಿಹಾಕಿಕೊಂಡಿತು. ಪೆಟ್ರೋಲ್ ಮಾತ್ರ ಹರಿಯುತ್ತಲೇ ಇತ್ತು. ಕೊನೆಯ ರಕ್ಷಣೆಯಾದ ಹೈ ಲೆವೆಲ್ ಸ್ವಿಚ್ ಕೂಡ ಕೈಕೊಟ್ಟಿತು. ಟ್ಯಾಂಕ್ ಉಕ್ಕಿ, 6 ಗಂಟೆಗೆ ಸ್ಫೋಟವಾಯಿತು.

ಪತ್ತೆಯ ಹಿಂದಿನ ತತ್ವ

ಆರೋಗ್ಯವಂತ ಸಿಗ್ನಲ್ ಸದಾ ಸ್ವಲ್ಪ ಅಲುಗಾಡುತ್ತಿರುತ್ತದೆ. ಹರಿವಿನ ಕಂಪನ, ಪಂಪಿನ ನಾಡಿ, ವಿದ್ಯುತ್ ನಾಯ್ಸ್ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಮಿತಿಗೆ ತಾಗಿದೊಡನೆ ಆ ಅಲುಗಾಟ ಕತ್ತರಿಸಿಹೋಗುತ್ತದೆ. ಹತ್ತು ಕಿಲೋ ತೂಗುವ ಸ್ಪ್ರಿಂಗ್ ತಕ್ಕಡಿಗೆ ಮೂವತ್ತು ಕಿಲೋ ಮೂಟೆ ನೇತುಹಾಕಿದರೆ ಮುಳ್ಳು ಹತ್ತರಲ್ಲೇ ನಿಲ್ಲುತ್ತದೆ. ಇನ್ನೈದು ಕಿಲೋ ಸೇರಿಸಿದರೂ ತೆಗೆದರೂ ಅದು ಮಿಸುಕುವುದಿಲ್ಲ. ಸಾಫ್ಟ್‌ವೇರ್ ಹುಡುಕುವುದು ಇದೇ ಲಕ್ಷಣಗಳನ್ನು: ಮೌಲ್ಯ ಮಿತಿಯ ಹತ್ತಿರವಿದೆಯೇ, ಸಹಜ ಅಲುಗಾಟ ಸತ್ತಿದೆಯೇ, ಒಂದೇ ಅಂಕಿಯ ಬಳಿ ಸ್ಯಾಂಪಲ್‌ಗಳು ರಾಶಿ ಬಿದ್ದಿವೆಯೇ, ಮತ್ತು ಆ ಸಿಗ್ನಲ್‌ಗೂ ಅದರ ಜೊತೆಗಾರ ಸಿಗ್ನಲ್‌ಗಳಿಗೂ ಇರಬೇಕಾದ ಸಂಬಂಧ ಕಡಿದಿದೆಯೇ. ಒಂದು ಲಕ್ಷಣ ಕಂಡರೆ ಅನುಮಾನ ಪಡಿ. ಎರಡು ಒಟ್ಟಿಗೆ ಕಂಡರೆ ಹೋಗಿ ನೋಡಿ.

ಮಿತಿ ಎಲ್ಲೆಲ್ಲಿ ಅಡಗಿರುತ್ತದೆ?

1. ಟ್ರಾನ್ಸ್‌ಮಿಟರ್‌ನಲ್ಲಿ. ನಾಮೂರ್ ಸಂಸ್ಥೆಯ ಎನ್‌ಇ 43 ಶಿಫಾರಸಿನ ಪ್ರಕಾರ 3.8ರಿಂದ 20.5 ಮಿಲಿಆಂಪಿಯರ್‌ವರೆಗಿನದು ಅಳತೆಯ ಸಿಗ್ನಲ್, 3.6ಕ್ಕಿಂತ ಕೆಳಗೆ ಅಥವಾ 21ಕ್ಕಿಂತ ಮೇಲೆ ಹೋದರೆ ಉಪಕರಣ ಕೆಟ್ಟಿದೆ ಎಂದರ್ಥ. ಶೇಕಡಾವಾರು ಲೆಕ್ಕದಲ್ಲಿ 20.5 ಮಿಲಿಆಂಪಿಯರ್ ಅಂದರೆ ಶೇ 103.1, 3.8 ಅಂದರೆ ಶೇ ಮೈನಸ್ 1.25. ನಿಮ್ಮ ಪಿವಿ (ಅಳೆದ ಮೌಲ್ಯ) ಶೇ 103.1ರಲ್ಲಿ ಹಟ ಹಿಡಿದು ನಿಂತಿದ್ದರೆ ಅದು ಅಳತೆಯಲ್ಲ, ಮಿತಿ. ಕೆಲವು ಟ್ರಾನ್ಸ್‌ಮಿಟರ್‌ಗಳು 20.8ರವರೆಗೆ, ಅಂದರೆ ಶೇ 105ರವರೆಗೆ ಹೋಗುತ್ತವೆ. ಆದ್ದರಿಂದ ಡೇಟಾ ಶೀಟ್ ನೋಡಿಯೇ ಮಿತಿ ಬರೆದುಕೊಳ್ಳಿ.

2. ಇನ್‌ಪುಟ್ ಕಾರ್ಡ್‌ನಲ್ಲಿ. ಸೀಮೆನ್ಸ್ ಎಸ್7 ಪಿಎಲ್‌ಸಿಗಳಲ್ಲಿ 4–20 ಮಿಲಿಆಂಪಿಯರ್ ಸಿಗ್ನಲ್ 0ಯಿಂದ 27648ರ ಅಂಕಿಯಾಗಿ ಬರುತ್ತದೆ. 32511ರವರೆಗೆ ಓವರ್‌ರೇಂಜ್; 32767 ಬಂದರೆ ಓವರ್‌ಫ್ಲೋ, ಕೆಲವು ಕಾರ್ಡ್‌ಗಳಲ್ಲಿ ವೈರ್ ಕಡಿದರೂ ಅದೇ ಅಂಕಿ. ಸ್ಕೇಲಿಂಗ್ ಬ್ಲಾಕ್ ಇದನ್ನೆಲ್ಲ ಶೇ 100ಕ್ಕೆ ಕತ್ತರಿಸಿ ಸ್ಕಾಡಾಗೆ ಕಳಿಸಿದರೆ ನಿಜ ಸಂಗತಿ ಅಲ್ಲೇ ಮುಚ್ಚಿಹೋಗುತ್ತದೆ.

3. ಕಂಟ್ರೋಲರ್ ಔಟ್‌ಪುಟ್‌ನಲ್ಲಿ. ಎಲ್ಲ ಡಿಸಿಎಸ್‌ಗಳ ಮಿತಿ 0–100 ಅಲ್ಲ. ಹನಿವೆಲ್ ಸಿಸ್ಟಂಗಳಲ್ಲಿ ಔಟ್‌ಪುಟ್ ಮೈನಸ್ 6.9ರಿಂದ 106.9ರವರೆಗೆ ಹೋಗಬಲ್ಲದು. ಎಂದೋ ಯಾರೋ ಒಂದು ಕಾರಣಕ್ಕೆ ಹಾಕಿದ ಶೇ 85ರ ಮೇಲ್ಮಿತಿ ಇನ್ನೂ ಹಾಗೇ ಉಳಿದಿರುವುದೂ ಉಂಟು.

4. ವಾಲ್ವ್‌ನಲ್ಲಿ. ಪೊಸಿಷನರ್‌ನಲ್ಲಿ ಟೈಟ್ ಶಟಾಫ್ ಸೌಲಭ್ಯ ಹಾಕಿದ್ದರೆ ಔಟ್‌ಪುಟ್ ಶೇ 2ಕ್ಕೆ ಇಳಿದಾಗಲೇ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಬಹುದು. ಹ್ಯಾಂಡ್‌ವೀಲ್ ನಡುವೆ ಸಿಕ್ಕಿಕೊಂಡಿದ್ದರೆ ಶೇ 70ರ ಮೇಲೆ ಅದು ತೆರೆಯುವುದೇ ಇಲ್ಲ. ಡಿಸಿಎಸ್‌ಗೆ ಇದೊಂದೂ ತಿಳಿಯುವುದಿಲ್ಲ.

ಯಾವ ಸಾಫ್ಟ್‌ವೇರ್ ಬೇಕು?

ಮೂರು ದಾರಿಗಳಿವೆ. ಮೊದಲನೆಯದು, ನಿಮ್ಮ ಡಿಸಿಎಸ್‌ನಲ್ಲೇ ಇರುವ ಸೌಲಭ್ಯ. ಎಮರ್ಸನ್‌ನ ಡೆಲ್ಟಾವಿ ಇನ್‌ಸೈಟ್, ಸೀಮೆನ್ಸ್ ಪಿಸಿಎಸ್ 7ರ ಕಾನ್‌ಪರ್‌ಮಾನ್ ಬ್ಲಾಕ್ ಇಂಥವು. ಎರಡನೆಯದು, ಇಡೀ ಪ್ಲಾಂಟ್‌ಗೆ ಕಣ್ಣಿಡುವ ಪ್ರತ್ಯೇಕ ಪ್ಯಾಕೇಜ್‌ಗಳು: ಪ್ಲಾಂಟ್‌ಟ್ರಯಾಜ್, ಹನಿವೆಲ್‌ನ ಕಂಟ್ರೋಲ್ ಪರ್ಫಾರ್ಮೆನ್ಸ್ ಮಾನಿಟರ್, ಆಸ್ಪೆನ್ ವಾಚ್, ಪ್ಲಾಂಟ್‌ಇಎಸ್‌ಪಿ. ಮೂರನೆಯದು, ಹಿಸ್ಟೋರಿಯನ್ ಡೇಟಾವನ್ನು ಎಕ್ಸೆಲ್ ಅಥವಾ ಪೈಥಾನ್‌ಗೆ ತಂದು ನೀವೇ ಬರೆದುಕೊಳ್ಳುವ ಪುಟ್ಟ ಪ್ರೋಗ್ರಾಂ.

ಐವತ್ತು ಅರವತ್ತು ಲೂಪ್‌ಗಳ ಘಟಕಕ್ಕೆ ಮೂರನೆಯ ದಾರಿ ಧಾರಾಳವಾಗಿ ಸಾಕು. ನೂರಾರು ಲೂಪ್‌ಗಳಿದ್ದು, ವರದಿ ಪ್ರತಿವಾರ ತಾನಾಗಿ ಬರಬೇಕೆಂದರೆ ಪ್ಯಾಕೇಜ್ ಲೇಸು. ಕೊಳ್ಳುವ ಮುನ್ನ ಮಾರಾಟಗಾರರನ್ನು ಮೂರು ಪ್ರಶ್ನೆ ಕೇಳಿ. ಪ್ರತಿ ಲೂಪ್‌ಗೂ ಬೇರೆಬೇರೆ ಮಿತಿ ಕೊಡಲು ಬರುತ್ತದೆಯೇ? ಮ್ಯಾನುಯಲ್ ಮತ್ತು ಶಟ್‌ಡೌನ್ ಸಮಯವನ್ನು ಲೆಕ್ಕದಿಂದ ತಾನೇ ತೆಗೆಯುತ್ತದೆಯೇ? ಮಿತಿಗೆ ತಾಗಿದ ಪ್ರತಿ ಘಟನೆಯ ಸಮಯ ಮತ್ತು ಅವಧಿ ಕೊಡುತ್ತದೆಯೇ, ಇಲ್ಲಾ ಬರೀ ಒಂದು ಶೇಕಡಾವಾರು ಕೊಟ್ಟು ಕೈತೊಳೆದುಕೊಳ್ಳುತ್ತದೆಯೇ? ಮೂರಕ್ಕೂ ‘ಹೌದು’ ಎಂದು ನಿಮ್ಮದೇ ಡೇಟಾದ ಮೇಲೆ ತೋರಿಸಿದರೆ ಮಾತ್ರ ಮುಂದುವರಿಯಿರಿ. ಮುಂದಿನ ಹಂತಗಳು ಮೂರೂ ದಾರಿಗಳಿಗೆ ಒಂದೇ.

ಹಂತ ಹಂತವಾಗಿ

1. ಲೂಪ್ ಪಟ್ಟಿ ತಯಾರಿಸಿ. ಪ್ರತಿ ಲೂಪ್‌ಗೆ ಪಿವಿ, ಎಸ್‌ಪಿ (ಸೆಟ್‌ಪಾಯಿಂಟ್), ಔಟ್‌ಪುಟ್ ಮತ್ತು ಮೋಡ್ ಈ ನಾಲ್ಕು ಟ್ಯಾಗ್‌ಗಳು ಬೇಕೇ ಬೇಕು. ಜೊತೆಗೆ ಟ್ರಾನ್ಸ್‌ಮಿಟರ್ ವ್ಯಾಪ್ತಿ, ಔಟ್‌ಪುಟ್‌ನ ನಿಜವಾದ ಮೇಲ್ಮಿತಿ ಮತ್ತು ಕೆಳಮಿತಿ, ವಾಲ್ವ್ ಗಾಳಿ ಹೋದರೆ ತೆರೆಯುವುದೋ ಮುಚ್ಚುವುದೋ, ಸ್ಪ್ಲಿಟ್ ರೇಂಜ್ ಇದೆಯೋ, ಕ್ಯಾಸ್ಕೇಡ್ ಇದೆಯೋ ಎಂಬುದನ್ನೂ ಬರೆಯಿರಿ. ಮಿತಿಗಳನ್ನು ಡ್ರಾಯಿಂಗ್ ನೋಡಿ ತುಂಬಬೇಡಿ. ಚಾಲ್ತಿ ಕಾನ್ಫಿಗರೇಶನ್‌ನಿಂದಲೇ ತೆಗೆಯಿರಿ.

2. ಕಚ್ಚಾ ಡೇಟಾ ತೆಗೆಯಿರಿ. ಫ್ಲೋ ಮತ್ತು ಪ್ರೆಶರ್ ಲೂಪ್‌ಗಳಿಗೆ ಸೆಕೆಂಡಿಗೊಂದು ಸ್ಯಾಂಪಲ್, ಲೆವೆಲ್‌ಗೆ 5ರಿಂದ 10 ಸೆಕೆಂಡಿಗೊಂದು, ಟೆಂಪರೇಚರ್‌ಗೆ 10ರಿಂದ 30 ಸೆಕೆಂಡಿಗೊಂದು ಇದ್ದರೆ ಕೆಲಸ ನಡೆಯುತ್ತದೆ. ಮೂರೂ ಶಿಫ್ಟ್‌ಗಳು, ವಾರದ ರಜೆ, ಲೋಡ್ ಏರಿಳಿತ ಎಲ್ಲವೂ ಒಳಗೊಳ್ಳುವಂತೆ ಕನಿಷ್ಠ ಒಂದು ವಾರದ ಡೇಟಾ ಬೇಕು.

3. ಬೇಡದ ಸಮಯ ತೆಗೆದುಹಾಕಿ. ಲೂಪ್ ಮ್ಯಾನುಯಲ್‌ನಲ್ಲಿದ್ದ ಸಮಯ, ಪಂಪ್ ಅಥವಾ ಘಟಕ ನಿಂತಿದ್ದ ಸಮಯ, ಇಂಟರ್‌ಲಾಕ್ ಬಿದ್ದಿದ್ದ ಸಮಯ ಲೆಕ್ಕಕ್ಕೆ ಬರಬಾರದು. ಈ ಜರಡಿ ಹಿಡಿಯದೆ ಮಾಡಿದ ವರದಿಯಲ್ಲಿ ನಿಂತ ಪಂಪುಗಳದ್ದೇ ಮೆರವಣಿಗೆ ಇರುತ್ತದೆ. ನಿಜವಾದ ರೋಗಿಗಳು ಕೆಳಗೆ ಉಳಿದುಬಿಡುತ್ತಾರೆ.

4. ಮಿತಿ ಪರೀಕ್ಷೆ ಮಾಡಿ. ಔಟ್‌ಪುಟ್ ಮೇಲ್ಮಿತಿಯಿಂದ ಅರ್ಧ ಶೇಕಡಾದೊಳಗೆ ಬಂದರೆ ‘ತಾಗಿದೆ’ ಎಂದು ಗುರುತು ಹಾಕಿ. ಎರಡು ಶೇಕಡಾ ಕೆಳಗಿಳಿದ ಮೇಲಷ್ಟೇ ‘ಬಿಟ್ಟಿದೆ’ ಎಂದು ಪರಿಗಣಿಸಿ. ಒಳಹೋಗಲು ಒಂದು ಗೆರೆ, ಹೊರಬರಲು ಇನ್ನೊಂದು ಗೆರೆ ಇಟ್ಟರೆ ನಾಯ್ಸ್‌ನಿಂದಾಗಿ ಒಂದೇ ಘಟನೆ ನೂರಾಗಿ ಒಡೆಯುವುದು ತಪ್ಪುತ್ತದೆ. ಫ್ಲೋ ಲೂಪ್‌ಗೆ 30 ಸೆಕೆಂಡ್, ಲೆವೆಲ್ ಲೂಪ್‌ಗೆ ಅದಕ್ಕಿಂತ ತುಸು ಹೆಚ್ಚು ಎಂಬಂತೆ ಕನಿಷ್ಠ ಅವಧಿಯನ್ನೂ ಇಡಿ. ಕೆಳಮಿತಿಗೂ ಇದೇ ನಿಯಮ. ಎಕ್ಸೆಲ್‌ನಲ್ಲಾದರೆ ಇಫ್ ಸೂತ್ರದ ಒಂದು ಹೆಚ್ಚುವರಿ ಕಾಲಂನಲ್ಲಿ ಈ ಗುರುತು ಮೂಡುತ್ತದೆ, ಕೌಂಟ್‌ಇಫ್‌ನಿಂದ ಒಟ್ಟು ಸಿಗುತ್ತದೆ.

5. ಚಪ್ಪಟೆ ಪರೀಕ್ಷೆ ಮಾಡಿ. ಪಿವಿಯ ಮೇಲೆ 10 ನಿಮಿಷದ ಕಿಟಕಿಯನ್ನು ಸರಿಸುತ್ತಾ ಹೋಗಿ ಪ್ರತಿ ಕಿಟಕಿಯ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯಿರಿ. ಪೈಥಾನ್‌ನ ಪಾಂಡಾಸ್‌ನಲ್ಲಿ ರೋಲಿಂಗ್ ಎಂಬ ಒಂದೇ ಆದೇಶ ಇದನ್ನು ಮಾಡುತ್ತದೆ. ಆ ಲೂಪ್‌ನ ಮಾಮೂಲಿ ಅಲುಗಾಟ ಶೇ 0.12 ಇದ್ದು, ಒಂದು ಕಿಟಕಿಯಲ್ಲಿ ಅದು ಶೇ 0.01ಕ್ಕೆ ಇಳಿದರೆ ಸಿಗ್ನಲ್ ಹೆಪ್ಪುಗಟ್ಟಿದೆ ಎಂದು ಗುರುತಿಸಿ. ಹೋಲಿಕೆ ಆಯಾ ಲೂಪ್‌ನ ಸ್ವಂತ ಇತಿಹಾಸದೊಂದಿಗೇ ಇರಲಿ. ಡ್ಯಾಂಪಿಂಗ್ ಹೆಚ್ಚಿರುವ ಲೆವೆಲ್ ಲೂಪ್‌ಗೂ ಫ್ಲೋ ಲೂಪ್‌ಗೂ ಒಂದೇ ಅಳತೆಗೋಲು ನಡೆಯುವುದಿಲ್ಲ.

6. ರಾಶಿ ಪರೀಕ್ಷೆ ಮಾಡಿ. ವಾರದ ಎಲ್ಲ ಸ್ಯಾಂಪಲ್‌ಗಳ ಹಿಸ್ಟೋಗ್ರಾಂ ಹಾಕಿ. ಸಹಜ ಸಿಗ್ನಲ್‌ನ ಗುಡ್ಡ ಎರಡೂ ಕಡೆ ನಯವಾಗಿ ಇಳಿಯುತ್ತದೆ. ಮಿತಿಗೆ ತಾಗಿದ್ದರೆ ತುದಿಯಲ್ಲಿ ಗೋಡೆ ಎದ್ದಂತೆ ರಾಶಿ ಬೀಳುತ್ತದೆ. ಶೇ 85ರಲ್ಲೋ ಶೇ 70ರಲ್ಲೋ ಯಾರೂ ದಾಖಲಿಸದ ಮಿತಿ ಇದ್ದರೆ ಅದು ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲೇ.

7. ಸ್ಟೇಟಸ್ ಬಿಟ್‌ಗಳನ್ನು ಓದಿ. ಒಪಿಸಿ ಮೂಲಕ ಬರುವ ಪ್ರತಿ ಮೌಲ್ಯದ ಜೊತೆ ಒಂದು ಕ್ವಾಲಿಟಿ ಅಂಕಿ ಬರುತ್ತದೆ. ಅದು 192 ಇದ್ದರೆ ‘ಗುಡ್’ ಎಂದು ನೋಡಿ ಬಹುತೇಕರು ಸುಮ್ಮನಾಗುತ್ತಾರೆ. ಅದರ ಕೊನೆಯ ಎರಡು ಬಿಟ್‌ಗಳು ಮಿತಿಯ ಸುದ್ದಿ ಹೇಳುತ್ತವೆ: 0 ಅಂದರೆ ಮಿತಿಯಿಲ್ಲ, 1 ಅಂದರೆ ಕೆಳಮಿತಿಗೆ ತಾಗಿದೆ, 2 ಅಂದರೆ ಮೇಲ್ಮಿತಿಗೆ ತಾಗಿದೆ, 3 ಅಂದರೆ ಸ್ಥಿರ. ಆದ್ದರಿಂದ 194 ಬಂದರೆ ‘ಗುಡ್, ಆದರೆ ಮೇಲ್ಮಿತಿಯಲ್ಲಿದೆ’ ಎಂದರ್ಥ. ಫೌಂಡೇಶನ್ ಫೀಲ್ಡ್‌ಬಸ್ ಉಪಕರಣಗಳ ಸ್ಟೇಟಸ್‌ನಲ್ಲೂ ಇದೇ ನಾಲ್ಕು ಸ್ಥಿತಿಗಳಿವೆ. ಉಪಕರಣವೇ ಬಾಯಿಬಿಟ್ಟು ಹೇಳುತ್ತಿರುವಾಗ ಅದನ್ನು ಹಿಸ್ಟೋರಿಯನ್‌ನಲ್ಲಿ ಉಳಿಸಿಕೊಳ್ಳದಿರುವುದು ದೊಡ್ಡ ನಷ್ಟ.

8. ಜೋಡಿ ಪರೀಕ್ಷೆ ಮಾಡಿ. ಇದೇ ಎಲ್ಲಕ್ಕಿಂತ ಮುಖ್ಯ. ಔಟ್‌ಪುಟ್ ಮಿತಿಯಲ್ಲಿದ್ದು ಪಿವಿ ಸೆಟ್‌ಪಾಯಿಂಟ್‌ನಲ್ಲೇ ಇದ್ದರೆ, ಸದ್ಯಕ್ಕೆ ಅಪಾಯವಿಲ್ಲ. ಆದರೆ ಕೈಯಲ್ಲಿ ಮಿಗತೆ ಸಾಮರ್ಥ್ಯವೂ ಇಲ್ಲ. ಔಟ್‌ಪುಟ್ ಮಿತಿಯಲ್ಲಿದ್ದು ಪಿವಿ ಸೆಟ್‌ಪಾಯಿಂಟ್ ಬಿಟ್ಟು ದೂರವಿದ್ದರೆ, ಲೂಪ್ ನಿಜಕ್ಕೂ ಕೈತಪ್ಪಿದೆ. ಔಟ್‌ಪುಟ್ ಓಡಾಡುತ್ತಿದ್ದು ಪಿವಿ ಮಾತ್ರ ಕಲ್ಲಿನಂತೆ ನಿಂತಿದ್ದರೆ, ಸೆನ್ಸರ್ ಅಥವಾ ಇಂಪಲ್ಸ್ ಲೈನ್ ನೋಡಿ. ಟ್ಯಾಂಕ್ ಮತ್ತು ಟವರ್‌ಗಳಿಗೆ ಒಳಹರಿವು ಕಳೆಯುವ ಹೊರಹರಿವಿನ ಲೆಕ್ಕ ಹಾಕಿ ಲೆವೆಲ್‌ಗೆ ತಾಳೆ ನೋಡಿ. ಟೆಕ್ಸಾಸ್ ಸಿಟಿಯಂಥ ಕಡೆ, ರೀಡಿಂಗ್ ಚಪ್ಪಟೆಯಾಗಿರದೆ ಇಳಿಯುತ್ತಿದ್ದಾಗಲೂ, ಸತ್ಯ ಹೊರಗೆಡವಬಲ್ಲದ್ದು ಈ ತಾಳೆ ಲೆಕ್ಕ.

9. ಆದ್ಯತೆ ಕೊಡಿ. ಆರಂಭಕ್ಕೆ ಹೀಗೆ ಇಟ್ಟುಕೊಳ್ಳಿ: ಆಟೋದಲ್ಲಿದ್ದ ಸಮಯದ ಶೇ 1ಕ್ಕಿಂತ ಕಡಿಮೆ ಹೊತ್ತು ಮಿತಿಯಲ್ಲಿದ್ದರೆ ಬಿಟ್ಟುಬಿಡಿ, ಶೇ 1ರಿಂದ 10 ಇದ್ದರೆ ಕಣ್ಣಿಡಿ, ಶೇ 10 ದಾಟಿದರೆ ಕಾರಣ ಹುಡುಕಿ, ಶೇ 30 ದಾಟಿದರೆ ಆ ಲೂಪ್ ಮ್ಯಾನುಯಲ್‌ನಲ್ಲಿದೆ ಎಂದೇ ತಿಳಿಯಿರಿ. ಒಂದೆರಡು ತಿಂಗಳ ಅನುಭವದ ಮೇಲೆ ಈ ಅಂಕಿಗಳನ್ನು ನಿಮ್ಮ ಪ್ಲಾಂಟ್‌ಗೆ ಹೊಂದಿಸಿಕೊಳ್ಳಿ. ಬಾಯ್ಲರ್, ರಿಯಾಕ್ಟರ್‌ನಂಥ ಕಡೆ ಮಾತ್ರ ಶೇ 1ಕ್ಕಿಂತ ಕಡಿಮೆ ಇದ್ದರೂ ಪ್ರತಿ ಘಟನೆಯನ್ನು ನೋಡಲೇಬೇಕು.

ಒಂದು ಲೂಪನ್ನು ಹತ್ತಿರದಿಂದ ನೋಡೋಣ

ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಡ್ರಮ್ ಲೆವೆಲ್ ಲೂಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸೆಟ್‌ಪಾಯಿಂಟ್ ಶೇ 50, ಗೇನ್ 2, ಇಂಟಿಗ್ರಲ್ ಟೈಮ್ 120 ಸೆಕೆಂಡ್. ಫೀಡ್ ವಾಟರ್ ಪಂಪಿನ ಒತ್ತಡ ಕುಸಿದು ಲೆವೆಲ್ ಶೇ 45ಕ್ಕೆ ಇಳಿಯಿತು, ವಾಲ್ವ್ ಶೇ 100 ತೆರೆಯಿತು, ಲೆವೆಲ್ ಮಾತ್ರ ಅಲ್ಲೇ ನಿಂತಿತು ಎನ್ನಿ.

ಕಂಟ್ರೋಲರ್ ಸುಮ್ಮನಿರುವುದಿಲ್ಲ. ಶೇ 5ರ ಎರರ್‌ಗೆ ಅದರ ಇಂಟಿಗ್ರಲ್ ಭಾಗ ಪ್ರತಿ ನಿಮಿಷ ಶೇ 5ರಷ್ಟು ಬೆಳೆಯುತ್ತದೆ. ಇಪ್ಪತ್ತು ನಿಮಿಷ ಕಳೆದರೆ, ವಾಲ್ವ್‌ಗೆ ಮುಟ್ಟದ ಶೇ 100ರಷ್ಟು ಹೆಚ್ಚುವರಿ ಬೇಡಿಕೆ ಕಂಟ್ರೋಲರ್ ಒಳಗೆ ಶೇಖರವಾಗಿರುತ್ತದೆ. ಈಗ ಪಂಪ್ ಸರಿಯಾಯಿತು. ಲೆವೆಲ್ ಏರಿ ಶೇ 50 ಮುಟ್ಟಿತು. ಆದರೂ ವಾಲ್ವ್ ಮುಚ್ಚಿಕೊಳ್ಳುವುದಿಲ್ಲ, ಏಕೆಂದರೆ ಶೇಖರವಾದ ಬೇಡಿಕೆ ಮೊದಲು ಕರಗಬೇಕು. ಲೆವೆಲ್ ಶೇ 55 ದಾಟಿ ಮೇಲೇರುತ್ತದೆ. ಮುಂದೆ ನೀರು ಹಬೆಯೊಂದಿಗೆ ಟರ್ಬೈನ್‌ನತ್ತ ಹೋಗುವ ಭಯ, ಇಲ್ಲವೇ ಹೈ ಲೆವೆಲ್ ಟ್ರಿಪ್. ಇದಕ್ಕೇ ಇಂಟಿಗ್ರಲ್ ವೈಂಡಪ್ ಎನ್ನುವುದು.

ಇಂದಿನ ಡಿಸಿಎಸ್‌ಗಳಲ್ಲಿ ಆಂಟಿ ವೈಂಡಪ್ ಇದ್ದೇ ಇರುತ್ತದೆ. ಆದರೆ ಅದು ಕೆಲಸ ಮಾಡುವುದು ಔಟ್‌ಪುಟ್ ತನಗೆ ಗೊತ್ತಿರುವ ಮಿತಿ ಮುಟ್ಟಿದಾಗ ಮಾತ್ರ. ವಾಲ್ವ್ ಶೇ 70ರಲ್ಲಿ ಸಿಕ್ಕಿಕೊಂಡಿದ್ದು ಡಿಸಿಎಸ್ ಮಿತಿ ಶೇ 100 ಇದ್ದರೆ, ನಡುವಿನ ಶೇ 30ರಲ್ಲಿ ವೈಂಡಪ್ ಆಗಿಯೇ ಆಗುತ್ತದೆ. ಕ್ಯಾಸ್ಕೇಡ್‌ನಲ್ಲಿ ಒಳಗಿನ ಲೂಪ್ ಮಿತಿಗೆ ತಾಗಿದ ಸುದ್ದಿ ಹೊರಗಿನ ಲೂಪ್‌ಗೆ ತಲುಪುವಂತೆ ಜೋಡಿಸದಿದ್ದರೆ ಹೊರಗಿನದು ವೈಂಡಪ್ ಆಗುತ್ತದೆ. ಪಿಎಲ್‌ಸಿಯಲ್ಲಿ ಕೈಯಾರೆ ಬರೆದ ಪಿಐಡಿಯಲ್ಲಿ ಆಂಟಿ ವೈಂಡಪ್ ಭಾಗವೇ ಬಿಟ್ಟುಹೋಗಿರಬಹುದು.

ಈಗ ವಾರದ ವರದಿ ನೋಡಿ. ಲೂಪ್ 9,000 ನಿಮಿಷ ಆಟೋದಲ್ಲಿತ್ತು, ಅದರಲ್ಲಿ 1,350 ನಿಮಿಷ ಔಟ್‌ಪುಟ್ ಮೇಲ್ಮಿತಿಯಲ್ಲಿತ್ತು ಎನ್ನೋಣ. ಅಂದರೆ ಶೇ 15. ಇಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ. ಆ 1,350 ನಿಮಿಷ ಆರೇ ಘಟನೆಗಳಲ್ಲಿ ಬಂದಿದ್ದರೆ ಒಂದೊಂದೂ ಸರಾಸರಿ 225 ನಿಮಿಷ; ಪಂಪ್, ವಾಲ್ವ್ ಗಾತ್ರ ಅಥವಾ ಲೋಡ್‌ನ ಸಮಸ್ಯೆ. ಅದೇ 1,350 ನಿಮಿಷ 900 ಘಟನೆಗಳಲ್ಲಿ ಹಂಚಿಹೋಗಿದ್ದರೆ ಒಂದೊಂದೂ ಒಂದೂವರೆ ನಿಮಿಷ. ಲೂಪ್ ಓಲಾಡುತ್ತಾ ಪ್ರತಿ ಸುತ್ತಿನಲ್ಲೂ ಮಿತಿಗೆ ಹೊಡೆಯುತ್ತಿದೆ. ಮೊದಲನೆಯದಕ್ಕೆ ಮೆಕ್ಯಾನಿಕಲ್ ವಿಭಾಗದವರನ್ನು ಕರೆಯಬೇಕು. ಟ್ಯೂನಿಂಗ್ ಅಥವಾ ವಾಲ್ವ್ ಸ್ಟಿಕ್ಷನ್ ನೋಡಬೇಕಾದದ್ದು ಎರಡನೆಯದರಲ್ಲಿ ಮಾತ್ರ.

ಸಿಕ್ಕಿಬಿದ್ದ ಮೇಲೆ ಏನು ಮಾಡಬೇಕು?

ಸಾಫ್ಟ್‌ವೇರ್ ಲೂಪಿನ ಹೆಸರು ಹೇಳುತ್ತದೆ, ಕಾರಣ ಫೀಲ್ಡ್‌ನಲ್ಲಿರುತ್ತದೆ. ಸುಲಭದಿಂದ ಕಷ್ಟಕ್ಕೆ ಹೀಗೆ ಹೋಗಿ:

1. ಸೆಟ್‌ಪಾಯಿಂಟ್ ಮುಟ್ಟಲು ಸಾಧ್ಯವಿರುವಂಥದ್ದೇ? ಇಂದಿನ ಲೋಡ್‌ಗೆ ಹೊಂದುತ್ತದೆಯೇ?

2. ಇನ್‌ಸ್ಟ್ರುಮೆಂಟ್ ಗಾಳಿಯ ಒತ್ತಡ ಸರಿಯಿದೆಯೇ? ಪೊಸಿಷನರ್ ಫೀಡ್‌ಬ್ಯಾಕ್ ಮತ್ತು ಔಟ್‌ಪುಟ್ ಹೊಂದುತ್ತವೆಯೇ?

3. ಬೈಪಾಸ್ ವಾಲ್ವ್ ತೆರೆದಿದೆಯೇ? ಕಂಟ್ರೋಲ್ ವಾಲ್ವ್ ಸದಾ ಶೇ 0ಯಲ್ಲಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

4. ಹ್ಯಾಂಡ್‌ವೀಲ್, ಮೆಕ್ಯಾನಿಕಲ್ ಸ್ಟಾಪ್ ವಾಲ್ವ್‌ನ ದಾರಿಗೆ ಅಡ್ಡ ಬಂದಿದೆಯೇ?

5. ಟ್ರಾನ್ಸ್‌ಮಿಟರ್ ಸ್ಪ್ಯಾನ್ ಇಂದಿನ ಉತ್ಪಾದನೆಗೆ ಸಾಲುತ್ತದೆಯೇ? ಇಂಪಲ್ಸ್ ಲೈನ್ ಕಟ್ಟಿಕೊಂಡಿದೆಯೇ?

6. ಪಂಪ್ ಸವೆದಿದೆಯೇ, ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಪಾಚಿ ಅಥವಾ ಸ್ಕೇಲ್ ಕಟ್ಟಿದೆಯೇ, ಸ್ಟ್ರೇನರ್ ತುಂಬಿದೆಯೇ?

7. ಇಷ್ಟೆಲ್ಲ ಸರಿಯಿದ್ದರೆ ವಾಲ್ವ್ ಗಾತ್ರದ ಲೆಕ್ಕ ಮತ್ತೊಮ್ಮೆ ಹಾಕಿಸಿ.

ಕಂಡುಕೊಂಡ ಕಾರಣವನ್ನು ಲೂಪ್ ಪಟ್ಟಿಯಲ್ಲೇ ದಿನಾಂಕದೊಂದಿಗೆ ಬರೆದಿಡಿ. ಆರು ತಿಂಗಳಲ್ಲಿ ಆ ಪಟ್ಟಿ ನಿಮ್ಮ ಪ್ಲಾಂಟ್‌ನ ನಂಬುಗೆಯ ದಾಖಲೆಯಾಗುತ್ತದೆ.

ಮಿತಿಯಲ್ಲಿದ್ದರೂ ತಪ್ಪಲ್ಲದ ಲೂಪ್‌ಗಳು

ಒತ್ತಡ ಏರಿದಾಗ ಮಾತ್ರ ತೆರೆಯುವ ವೆಂಟ್ ವಾಲ್ವ್ ಸದಾ ಶೇ 0ಯಲ್ಲಿರುವುದೇ ಸರಿ. ಓವರ್‌ರೈಡ್ ಜೋಡಿಯಲ್ಲಿ ಆಯ್ಕೆಯಾಗದ ಕಂಟ್ರೋಲರ್ ತನ್ನ ಸರದಿಗಾಗಿ ಕಾಯುತ್ತಿರುತ್ತದೆ. ಸ್ಪ್ಲಿಟ್ ರೇಂಜ್‌ನಲ್ಲಿ ಒಂದು ವಾಲ್ವ್ ಕೆಲಸ ಮಾಡುವಾಗ ಇನ್ನೊಂದು ತುದಿಯಲ್ಲಿರುತ್ತದೆ. ಅಡ್ವಾನ್ಸ್‌ಡ್ ಕಂಟ್ರೋಲ್ ಇರುವ ಕಡೆ ಉತ್ಪಾದನೆ ಗರಿಷ್ಠ ಮಾಡಲು ಒಂದೆರಡು ವಾಲ್ವ್‌ಗಳನ್ನು ಬೇಕೆಂದೇ ಮಿತಿಗೆ ಒತ್ತಿ ಇಡುತ್ತಾರೆ. ಇವುಗಳಿಗೆ ವಿನಾಯಿತಿ ಪಟ್ಟಿ ಮಾಡಿ, ಕಾರಣ ಮತ್ತು ಮರುಪರಿಶೀಲನೆಯ ದಿನಾಂಕ ಬರೆಯಿರಿ. ದಿನಾಂಕವಿಲ್ಲದ ವಿನಾಯಿತಿ ನಾಳೆ ನಿಜವಾದ ದೋಷವನ್ನು ಮುಚ್ಚಿಹಾಕುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸರಾಸರಿ ಡೇಟಾ ಬಳಸುವುದು. ಅರ್ಧ ನಿಮಿಷ ಶೇ 100ರಲ್ಲಿ, ಅರ್ಧ ನಿಮಿಷ ಶೇ 80ರಲ್ಲಿದ್ದ ಔಟ್‌ಪುಟ್‌ನ ನಿಮಿಷದ ಸರಾಸರಿ ಶೇ 90. ಮಿತಿಗೆ ತಾಗಿದ್ದು ಮಾಯವಾಯಿತು.

ಹಿಸ್ಟೋರಿಯನ್ ಕಂಪ್ರೆಶನ್ ಮರೆಯುವುದು. ಸಣ್ಣ ಬದಲಾವಣೆಗಳನ್ನು ಹಿಸ್ಟೋರಿಯನ್ ಉಳಿಸಿಕೊಳ್ಳದಿದ್ದರೆ ಆರೋಗ್ಯವಂತ ಸಿಗ್ನಲ್ ಕೂಡ ನೇರ ಗೆರೆಯಾಗಿ ಕಾಣುತ್ತದೆ. ಚಪ್ಪಟೆ ಪರೀಕ್ಷೆ ಸುಳ್ಳು ಹೇಳುತ್ತದೆ. ಅನುಮಾನದ ಲೂಪ್‌ಗಳಿಗೆ ಒಂದು ವಾರ ಕಂಪ್ರೆಶನ್ ತೆಗೆಸಿ, ಅಥವಾ ಒಪಿಸಿಯಿಂದ ನೇರವಾಗಿ ಡೇಟಾ ಹಿಡಿಯಿರಿ.

ಎಲ್ಲ ಲೂಪ್‌ಗೂ 0–100 ಎಂದೇ ಮಿತಿ ಕೊಡುವುದು. ಶೇ 85ರಲ್ಲಿ ಕಟ್ಟಿಹಾಕಿದ ಲೂಪ್ ಆಗ ಎಂದೂ ವರದಿಗೆ ಬರುವುದಿಲ್ಲ.

ನೇರ ಗೆರೆಯನ್ನು ಒಳ್ಳೆಯ ಕಂಟ್ರೋಲ್ ಎಂದು ಮೆಚ್ಚುವುದು. ಪಿವಿ ಗೆರೆ ಬಹಳ ಚೊಕ್ಕವಾಗಿದ್ದರೆ ಮೊದಲು ಅನುಮಾನ ಪಡಿ.

ಮಿತಿಯಲ್ಲಿರುವ ಲೂಪನ್ನು ಟ್ಯೂನ್ ಮಾಡುವುದು. ಆ ಹೊತ್ತಿನಲ್ಲಿ ಗೇನ್ ಎಷ್ಟೇ ಇದ್ದರೂ ವಾಲ್ವ್ ಮಿಸುಕದು. ಮಿತಿ ಬಿಟ್ಟ ಮೇಲೆ, ನೀವು ಹಾಕಿಹೋದ ತಪ್ಪು ಅಂಕಿಗಳು ರಾತ್ರಿ ಶಿಫ್ಟ್‌ನವರಿಗೆ ಕಾಟ ಕೊಡುತ್ತವೆ.

ಎಚ್ಚರಿಕೆಗಳು

ಈ ಸಾಫ್ಟ್‌ವೇರ್‌ಗೆ ಓದುವ ಅನುಮತಿ ಮಾತ್ರ ಇರಲಿ. ಡಿಸಿಎಸ್‌ಗೆ ಬರೆಯುವ ಅನುಮತಿ ಬೇಡ. ಕಂಟ್ರೋಲ್ ನೆಟ್‌ವರ್ಕ್‌ಗೆ ನೇರವಾಗಿ ಲ್ಯಾಪ್‌ಟಾಪ್ ಅಥವಾ ಪೆನ್‌ಡ್ರೈವ್ ಚುಚ್ಚಬೇಡಿ. ಹಿಸ್ಟೋರಿಯನ್ ಸರ್ವರ್‌ನಿಂದ, ಐಟಿ ಮತ್ತು ಸುರಕ್ಷತಾ ವಿಭಾಗಗಳ ಒಪ್ಪಿಗೆಯಿಂದಲೇ ಡೇಟಾ ತೆಗೆಯಿರಿ. ಸೇಫ್ಟಿ ಸಿಸ್ಟಂನ ಸಿಗ್ನಲ್‌ಗಳನ್ನು ಗಮನಿಸಬಹುದು. ಅವುಗಳ ಮಿತಿ, ರೇಂಜ್, ಟ್ರಿಪ್ ಬದಲಿಸಲು ಲಿಖಿತ ಬದಲಾವಣೆ ಪ್ರಕ್ರಿಯೆ ಇಲ್ಲದೆ ಕೈ ಹಾಕಬೇಡಿ. ಟ್ರಾನ್ಸ್‌ಮಿಟರ್ ಸ್ಪ್ಯಾನ್ ಬದಲಿಸಿದರೆ ಡಿಸಿಎಸ್ ಸ್ಕೇಲ್, ಅಲಾರಂ, ಇಂಟರ್‌ಲಾಕ್ ಮತ್ತು ಟ್ಯೂನಿಂಗ್ ನಾಲ್ಕನ್ನೂ ಅದೇ ದಿನ ಹೊಂದಿಸಿ. ಪತ್ತೆಯಾದ ಪ್ರತಿಯೊಂದನ್ನೂ ಅಲಾರಂ ಮಾಡಲು ಹೋಗಬೇಡಿ; ಆಪರೇಟರ್ ಆ ಕ್ಷಣ ಏನಾದರೂ ಮಾಡಬೇಕಾದದ್ದು ಮಾತ್ರ ಅಲಾರಂ ಆಗಲಿ, ಉಳಿದದ್ದು ವಾರದ ವರದಿಗೆ ಹೋಗಲಿ. ಲೂಪನ್ನು ಪರೀಕ್ಷೆಗಾಗಿ ಮ್ಯಾನುಯಲ್‌ಗೆ ಹಾಕುವ ಮುನ್ನ ಪ್ಯಾನೆಲ್‌ನಲ್ಲಿರುವ ಆಪರೇಟರ್‌ಗೆ ತಿಳಿಸದೆ ಒಂದು ಬಟನ್ ಕೂಡ ಒತ್ತಬೇಡಿ.

ಈ ವಾರ ನಿಮ್ಮ ಪ್ಲಾಂಟ್‌ನ ಹತ್ತು ಮುಖ್ಯ ಲೂಪ್‌ಗಳನ್ನು ಆರಿಸಿ, ಏಳು ದಿನದ ಡೇಟಾ ತೆಗೆದು, ಔಟ್‌ಪುಟ್ ಎಷ್ಟು ಹೊತ್ತು ಮಿತಿಯಲ್ಲಿತ್ತು ಎಂದಷ್ಟೇ ಲೆಕ್ಕ ಹಾಕಿ. ಇದಕ್ಕೆ ಬಜೆಟ್ ಬೇಡ, ಹೊಸ ಲೈಸೆನ್ಸ್ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ಟ್ಯೂನಿಂಗ್ ಅಂಕಿಗಳಿಗೆ ಕೈ ಹಾಕುವ ಮುನ್ನ ಮಿತಿಯನ್ನು ನೋಡುವುದು ನಿಮ್ಮ ವಿಭಾಗದ ನಿಯಮವಾಗಲಿ.